ಚಳಿಯ ಮುಂಜಾವು ಮತ್ತು ಶಾಲೆಯ ಗಂಟೆ

ಬೀದರ ಜಿಲ್ಲೆ ಬಿಸಿಲಿಗೆ ಹೆಸರಾದ ಸೀಮೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8 ಗಂಟೆಗೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವುದು ಇಲ್ಲಿ ನಡೆದುಬಂದ ಏರ್ಪಾಡು. ಬಿಸಿಲಿಗಾಗಿ ಕೆಲಸದ ವೇಳೆಯನ್ನು ಹೀಗೆ ಹಿಂದಕ್ಕೆ ಸರಿಸುವ ಸೀಮೆಯಲ್ಲಿಯೇ, ಚಳಿಗಾಗಿ ಅದನ್ನು ಮುಂದಕ್ಕೆ ಸರಿಸಬೇಕೆ, ಇಲ್ಲವೆ ಶಾಲೆಯನ್ನೇ ಮುಚ್ಚಬೇಕೆ ಎಂಬ ಪ್ರಶ್ನೆ ಡಿಸೆಂಬರ್, ಜನವರಿಗಳಲ್ಲಿ ಏಳುತ್ತದೆಂದರೆ ದಕ್ಷಿಣದ ಜಿಲ್ಲೆಗಳ ವಾಚಕರಿಗೆ ತುಸು ವಿಚಿತ್ರವಾಗಿ ತೋರಬಹುದು. ಆದರೆ ಆ ತಿಂಗಳುಗಳ ವೃತ್ತಪತ್ರಿಕೆಗಳನ್ನು ತೆರೆದು ನೋಡಿದರೆ, ರಾಜ್ಯದಲ್ಲಿ ಅತಿ ಕಡಮೆ ಉಷ್ಣತೆ ದಾಖಲಾದ ಊರುಗಳ ಸಾಲಿನಲ್ಲಿ ಬೀದರದ ಹೆಸರು ಮತ್ತೆ ಮತ್ತೆ ಬರುವುದನ್ನು ಕಾಣುತ್ತೇವೆ. ಬಿಸಿಲೂ ಚಳಿಯೂ ಒಂದೇ ನೆಲದಲ್ಲಿ ಇಷ್ಟು ತೀವ್ರವಾಗಿರುವುದು ಹೇಗೆ? ಇದಕ್ಕೆ ಉತ್ತರವನ್ನು ಅರಿತರೆ ಶಾಲೆಯನ್ನು ಮುಚ್ಚುವ ಪ್ರಶ್ನೆಗೂ ಅರ್ಧ ಉತ್ತರ ದೊರೆತಂತೆಯೇ ಸರಿ.

ನಕಾಶೆಯಲ್ಲಿ ಔರಾದ ತಾಲೂಕು ಕರ್ನಾಟಕದ ನೆತ್ತಿಯ ಮೇಲಿದೆ. ರಾಜ್ಯದ ಉತ್ತರದ ತುದಿ ಇರುವುದು ಈ ಭಾಗದಲ್ಲಿಯೇ. ಪಶ್ಚಿಮಕ್ಕೂ ಉತ್ತರಕ್ಕೂ ಮಹಾರಾಷ್ಟ್ರ, ಪೂರ್ವಕ್ಕೆ ತೆಲಂಗಾಣ. ಸಮುದ್ರ ಬಹು ದೂರ. ಬೀದರ ನಗರವು ಸಮುದ್ರಮಟ್ಟದಿಂದ 600 ಮೀಟರಿಗೂ ಮಿಕ್ಕ ಎತ್ತರದ ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ ಕುಳಿತಿದೆ. ಭಾಲ್ಕಿ, ಔರಾದಗಳ ಕಡೆ ಹೊರಟರೆ ನೆಲವು ಇಳಿಯುತ್ತ ಮಾಂಜ್ರಾ ನದಿಯ ಕಣಿವೆಯನ್ನು ಸೇರುತ್ತದೆ. ಚಳಿಗಾಲದಲ್ಲಿ ಉತ್ತರ ಭಾರತದಿಂದ ಇಳಿದು ಬರುವ ಒಣಗಾಳಿಗೆ ಈ ಬಯಲಿನಲ್ಲಿ ಅಡ್ಡಿಯೇನೂ ಇಲ್ಲ. ಆದರೆ ಚಳಿಯೆಲ್ಲವೂ ಉತ್ತರದಿಂದಲೇ ಬರುತ್ತದೆಂದು ತಿಳಿಯಬಾರದು. ಅದರ ದೊಡ್ಡ ಪಾಲು ಹುಟ್ಟುವುದು ಇಲ್ಲಿಯೇ, ನಮ್ಮ ಕಾಲ ಕೆಳಗಿನ ನೆಲದಲ್ಲಿ.

ಪ್ರತಿಯೊಂದು ವಸ್ತುವೂ ತನ್ನ ಉಷ್ಣತೆಗೆ ತಕ್ಕಂತೆ ಶಾಖವನ್ನು ವಿಕಿರಣದ ರೂಪದಲ್ಲಿ ಹೊರಸೂಸುತ್ತಿರುತ್ತದೆ. ಹೊರಸೂಸುವ ಪ್ರಮಾಣವು ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ ಎಂಬುದು ಸ್ಟೆಫಾನ್ ಮತ್ತು ಬೋಲ್ಟ್ಸ್‌ಮನ್ನರ ನಿಯಮ. ನೆಲದ ಉಷ್ಣತೆ 17 ಡಿಗ್ರಿ ಸೆಲ್ಸಿಯಸ್, ಎಂದರೆ 290 ಕೆಲ್ವಿನ್ ಇದ್ದಾಗ, ಪ್ರತಿ ಚದರ ಮೀಟರಿನಿಂದ ಸುಮಾರು 400 ವ್ಯಾಟುಗಳಷ್ಟು ಶಾಖ ಆಕಾಶದತ್ತ ಹೋಗುತ್ತದೆ. ವಾಯುಮಂಡಲವೂ ಸುಮ್ಮನಿರುವುದಿಲ್ಲ. ಅದರಲ್ಲಿರುವ ನೀರಾವಿ, ಇಂಗಾಲದ ಡೈಆಕ್ಸೈಡು ಮತ್ತು ಮೋಡಗಳು ಈ ಶಾಖವನ್ನು ಹೀರಿ, ಒಂದು ಭಾಗವನ್ನು ನೆಲಕ್ಕೆ ಮರಳಿಸುತ್ತವೆ. ದಟ್ಟ ಮೋಡ ಕವಿದ ರಾತ್ರಿ ಕೊಟ್ಟದ್ದೂ ಪಡೆದದ್ದೂ ಹೆಚ್ಚುಕಡಮೆ ಸಮನಾಗುತ್ತದೆ. ಮೋಡವಿಲ್ಲದ, ಆರ್ದ್ರತೆಯಿಲ್ಲದ ರಾತ್ರಿ ಚದರ ಮೀಟರಿಗೆ 100 ವ್ಯಾಟುಗಳವರೆಗೂ ನಿವ್ವಳ ನಷ್ಟವುಂಟಾಗುತ್ತದೆ. ಕರಾವಳಿಯಲ್ಲಿ ನೀರಾವಿಯೇ ಕಂಬಳಿಯಾಗಿ ರಾತ್ರಿಯನ್ನು ಬೆಚ್ಚಗಿಡುತ್ತದೆ. ಬೀದರದ ಜನವರಿಗೆ ಆ ಕಂಬಳಿ ಇಲ್ಲ. ಹಗಲಿನಲ್ಲಿ ಅದೇ ಒಣ ನಿರ್ಮಲ ಆಕಾಶವು ಬಿಸಿಲನ್ನು ತಡೆಯಿಲ್ಲದೆ ಬಿಡುತ್ತದೆ. ಆದುದರಿಂದಲೇ ಇಲ್ಲಿ ಹಗಲಿಗೂ ರಾತ್ರಿಗೂ ಹನ್ನೆರಡು ಹದಿಮೂರು ಡಿಗ್ರಿಗಳ ಅಂತರ ಸಾಮಾನ್ಯ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತವೆದ್ದು ಮೋಡಗಳು ಇತ್ತ ಹರಡಿದರೆ, ಎರಡು ದಿನ ಚಳಿಯೇ ಮಾಯವಾಗುವುದನ್ನು ಎಲ್ಲರೂ ಕಂಡಿರುತ್ತಾರೆ.

ಇನ್ನು ವೇಳೆಯ ವಿಷಯ. ಚಳಿ ಅತಿ ಹೆಚ್ಚಾಗಿರುವುದು ನಡುರಾತ್ರಿಯಲ್ಲಿ ಎಂದು ಹಲವರು ಭಾವಿಸುತ್ತಾರೆ. ಹಾಗಲ್ಲ. ಸೂರ್ಯ ಮುಳುಗಿದ ಮೇಲೆ ನೆಲವು ಒಂದೇ ಸಮನೆ ಶಾಖವನ್ನು ಕಳೆದುಕೊಳ್ಳುತ್ತಲೇ ಇರುತ್ತದೆ. ಸೂರ್ಯೋದಯವಾದ ಕೂಡಲೆ ಈ ನಷ್ಟ ನಿಲ್ಲುವುದೂ ಇಲ್ಲ, ಏಕೆಂದರೆ ಓರೆಯಾಗಿ ಬೀಳುವ ಎಳೆಬಿಸಿಲಿನ ಗಳಿಕೆ ಆ ನಷ್ಟವನ್ನು ಸರಿದೂಗಿಸಲು ಇನ್ನೂ ಕೆಲಕಾಲ ಬೇಕು. ಹೀಗಾಗಿ ದಿನದ ಕನಿಷ್ಠ ಉಷ್ಣತೆ ಒದಗುವುದು ಸೂರ್ಯೋದಯದ ಹೊತ್ತಿಗೆ, ಇಲ್ಲವೆ ಅದಾದ ಅರ್ಧ ಗಂಟೆಯೊಳಗೆ. ಔರಾದದಲ್ಲಿ ಸೂರ್ಯೋದಯ ಯಾವಾಗ? ನಮ್ಮ ಗಡಿಯಾರಗಳು ನಡೆಯುವುದು ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ ವೇಳೆಗೆ ಅನುಸಾರವಾಗಿ. ಔರಾದವು ಅದಕ್ಕಿಂತ ಸುಮಾರು 5 ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಇಪ್ಪತ್ತು ನಿಮಿಷ ತಡ. ಜೊತೆಗೆ, ವರ್ಷದ ಅತಿ ಚಿಕ್ಕ ಹಗಲು ಡಿಸೆಂಬರ್ 22ರ ಸುಮಾರಿಗೆ ಮುಗಿದರೂ, ಭೂಮಿಯ ಕಕ್ಷೆಯ ಆಕಾರ ಮತ್ತು ಅಕ್ಷದ ಓರೆಯ ಕಾರಣದಿಂದ ಸೂರ್ಯೋದಯವು ಜನವರಿಯ ನಡುಭಾಗದವರೆಗೆ ಇನ್ನೂ ತಡವಾಗುತ್ತಲೇ ಹೋಗುತ್ತದೆ. ಆಗ ಇಲ್ಲಿ ಸೂರ್ಯ ಕಾಣುವುದು 6 ಗಂಟೆ 50 ನಿಮಿಷದ ಆಸುಪಾಸಿನಲ್ಲಿ. ದಿನದ ಅತಿ ತಣ್ಣನೆಯ ಗಳಿಗೆ ಏಳರಿಂದ ಏಳೂಕಾಲರವರೆಗೆ ಎಂದಾಯಿತು. ಊರ ಹೊರಗಿನ ತಾಂಡಾದ ಬಾಲಕ ಬಸ್ಸಿಗಾಗಿ ರಸ್ತೆಯ ಬದಿಯಲ್ಲಿ ನಿಲ್ಲುವುದೂ, ಖಾಸಗಿ ಶಾಲೆಯ ವಾಹನ ಹಳ್ಳಿಹಳ್ಳಿ ಸುತ್ತಲಾರಂಭಿಸುವುದೂ ಸರಿಯಾಗಿ ಅದೇ ಹೊತ್ತಿಗೆ. ಶನಿವಾರದ ಬೆಳಗಿನ ಶಾಲೆಯಂತೂ ಈ ಗಳಿಗೆಯನ್ನು ಆರಿಸಿಕೊಂಡು ಇಟ್ಟಂತಿದೆ.

ಎಷ್ಟು ಚಳಿಯಾದರೆ ಅದನ್ನು ಅಪಾಯವೆನ್ನಬೇಕು? ಭಾರತ ಹವಾಮಾನ ಇಲಾಖೆಯು ಶೀತಗಾಳಿ ಎಂಬ ಮಾತನ್ನು ಅಳತೆಯಿಟ್ಟು ಬಳಸುತ್ತದೆ. ಬಯಲು ಸೀಮೆಯಲ್ಲಿ ಕನಿಷ್ಠ ಉಷ್ಣತೆ 10 ಡಿಗ್ರಿ ಅಥವಾ ಅದಕ್ಕಿಂತ ಕಡಮೆಯಿರಬೇಕು. ಮತ್ತು ಅದು ಆ ಊರಿನ ಆ ದಿನದ ವಾಡಿಕೆಯ ಉಷ್ಣತೆಗಿಂತ 4.5 ಡಿಗ್ರಿಯಷ್ಟಾದರೂ ಕೆಳಗಿರಬೇಕು. ಅಂತರ 6.5 ಡಿಗ್ರಿಯನ್ನು ಮುಟ್ಟಿದರೆ ತೀವ್ರ ಶೀತಗಾಳಿ. ವಾಡಿಕೆ ಏನೇ ಇರಲಿ, 4 ಡಿಗ್ರಿಗೆ ಇಳಿದರೆ ಶೀತಗಾಳಿ, 2 ಡಿಗ್ರಿಗೆ ಇಳಿದರೆ ತೀವ್ರ. ಈ ಎರಡನೆಯ ಷರತ್ತು, ವಾಡಿಕೆಯಿಂದಾದ ಇಳಿತ, ಬಹು ವಿವೇಕದ್ದು. ದಿಲ್ಲಿಯ ಜನವರಿಯಲ್ಲಿ 10 ಡಿಗ್ರಿಯೆಂದರೆ ಸುಖವಾದ ಬೆಳಗು. ಅಲ್ಲಿಯ ಮನೆಗಳಲ್ಲಿ ರಜಾಯಿಗಳಿವೆ, ಪೆಟ್ಟಿಗೆಗಳಲ್ಲಿ ಉಣ್ಣೆಯ ಬಟ್ಟೆಗಳಿವೆ. ಔರಾದದ ಮನೆಗಳನ್ನು ಕಟ್ಟಿರುವುದು ಬಿಸಿಲಿನಿಂದ ತಪ್ಪಿಸಿಕೊಳ್ಳುವುದಕ್ಕಾಗಿ. ಒಂದು ತೆಳ್ಳನೆಯ ಸ್ವೆಟರಿನ ಮೇಲೆಯೇ ಚಳಿಗಾಲವನ್ನು ಕಳೆಯುವ ಮಕ್ಕಳು ಇಲ್ಲಿ ಅನೇಕರು.

ಮಕ್ಕಳಿಗೆ ದೊಡ್ಡವರಿಗಿಂತ ಬೇಗ ಚಳಿಯಾಗುವುದಕ್ಕೆ ಸರಳವಾದ ಜ್ಯಾಮಿತಿಯ ಕಾರಣವೊಂದಿದೆ. ದೇಹವು ಶಾಖವನ್ನು ಕಳೆದುಕೊಳ್ಳುವುದು ಮೈಯ ಹೊರಮೈಯಿಂದ; ಶಾಖದ ದಾಸ್ತಾನಿರುವುದು ಅದರ ರಾಶಿಯಲ್ಲಿ. ಆಕಾರ ಒಂದೇ ಎಂದು ಇಟ್ಟುಕೊಂಡರೆ 60 ಕಿಲೋಗ್ರಾಮಿನ ವಯಸ್ಕನಿಗಿಂತ 20 ಕಿಲೋಗ್ರಾಮಿನ ಬಾಲಕನಿಗೆ ಪ್ರತಿ ಕಿಲೋಗ್ರಾಮಿನ ಲೆಕ್ಕದಲ್ಲಿ ಹೊರಮೈ ಮೂರರ ಘನಮೂಲದಷ್ಟು ಪಟ್ಟು, ಎಂದರೆ ಸುಮಾರು 1.44 ಪಟ್ಟು ಹೆಚ್ಚು. ಇದರ ಮೇಲೆ ಗಾಳಿಯ ಕಾಟ ಬೇರೆ. ನಿಂತ ಗಾಳಿಯಲ್ಲಿ ಮೈಗೆ ಅಂಟಿದ ಬೆಚ್ಚನೆಯ ತೆಳುಪದರವೊಂದು ಇರುತ್ತದೆ. ಬೀಸುವ ಗಾಳಿ ಅದನ್ನು ಕಿತ್ತೊಯ್ಯುತ್ತದೆ. ಈ ಪರಿಣಾಮವನ್ನು ಅಳೆಯಲು 2001ರಲ್ಲಿ ಕೆನಡಾ ಮತ್ತು ಅಮೆರಿಕಾ ದೇಶಗಳು ಜಾರಿಗೆ ತಂದ ಸೂತ್ರದಂತೆ, 8 ಡಿಗ್ರಿಯ ಬೆಳಗಿನಲ್ಲಿ ಗಂಟೆಗೆ 30 ಕಿಲೋಮೀಟರಿನ ಗಾಳಿ ಬೀಸಿದರೆ ಬರಿಯ ಮುಖಕ್ಕೆ ಅದು 4 ಡಿಗ್ರಿಯಂತೆ ತೋರುತ್ತದೆ. ಗಾಳಿಯೇ ಬೀಸಬೇಕೆಂದಿಲ್ಲ. ತಂದೆಯ ಬೈಕಿನ ಮುಂದೆ, ಪೆಟ್ರೋಲ್ ಟ್ಯಾಂಕಿನ ಮೇಲೆ ಕುಳಿತ ಮಗು ತನ್ನ ಗಾಳಿಯನ್ನು ತಾನೇ ಸೃಷ್ಟಿಸಿಕೊಳ್ಳುತ್ತ ಹೋಗುತ್ತದೆ. ಆರೋಗ್ಯವಂತ ಮಗುವಿಗೆ ಇದು ಕಷ್ಟವಷ್ಟೆ. ಉಬ್ಬಸವುಳ್ಳ ಮಗುವಿಗೆ ತಣ್ಣನೆಯ ಒಣಗಾಳಿ ಉಸಿರನ್ನೇ ಕಟ್ಟಿಸಬಲ್ಲದು.

ಇಲ್ಲಿಯವರೆಗಿನ ಲೆಕ್ಕದಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಬೀದರದ ಚಳಿ ದಿನದ ಪೀಡೆಯಲ್ಲ, ಗಂಟೆಗಳ ಪೀಡೆ. ಒಣನೆಲಕ್ಕೆ ಬಿಸಿಲು ತಾಗಿದ ಮೇಲೆ ಎರಡು ಮೂರು ಗಂಟೆಗಳಲ್ಲಿ ಉಷ್ಣತೆ ಎಂಟು ಹತ್ತು ಡಿಗ್ರಿ ಏರುವುದು ಅಸಾಮಾನ್ಯವಲ್ಲ. ಏಳು ಗಂಟೆಗೆ ನಡುಗುತ್ತಿದ್ದವನು ಹತ್ತು ಗಂಟೆಗೆ ಸ್ವೆಟರನ್ನು ಕಳಚಿ ಸೊಂಟಕ್ಕೆ ಕಟ್ಟಿಕೊಳ್ಳುತ್ತಾನೆ. ಹೀಗಿರಲು, ಇಡೀ ದಿನ ಶಾಲೆಯನ್ನು ಮುಚ್ಚುವುದು ಬೇನೆಗೆ ಮೀರಿದ ಮದ್ದಾದೀತು. ಗಂಟೆಯನ್ನು ತಡವಾಗಿ ಬಾರಿಸುವುದೇ ತಕ್ಕ ಉಪಾಯ. ಆದರೆ ಎಷ್ಟು ತಡ ಎಂಬುದನ್ನು ಶಾಲೆಯ ಬಾಗಿಲಿನಿಂದ ಎಣಿಸಬಾರದು, ಅತಿ ದೂರದ ಮಗುವಿನ ಮನೆಯ ಬಾಗಿಲಿನಿಂದ ಎಣಿಸಬೇಕು. ಒಂದೂವರೆ ಗಂಟೆ ಮೊದಲೇ ಮನೆ ಬಿಡುವ ಮಗುವಿಗೆ ಶಾಲೆ 9 ಗಂಟೆಗೆ ತೊಡಗಿದರೂ ಚಳಿ ತಪ್ಪಲಿಲ್ಲ. ಬಸ್ಸಿನ ವೇಳೆ ಬದಲಾಗದೆ ಶಾಲೆಯ ವೇಳೆ ಮಾತ್ರ ಬದಲಾದರಂತೂ, ಆ ಮಗು ಮುಚ್ಚಿದ ಶಾಲೆಯ ಕಟ್ಟೆಯ ಮೇಲೆ ಕುಳಿತು ನಡುಗುತ್ತದೆ. ವೇಳೆ ಬದಲಿಸುವ ಆದೇಶ ಸಾರಿಗೆ ಸಂಸ್ಥೆಯ ಡಿಪೋಗೂ ಹೋಗದಿದ್ದರೆ ಅದು ಅರ್ಧ ಆದೇಶ.

ದಿಲ್ಲಿಯಲ್ಲಿ ಈ ಎರಡು ಉಪಾಯಗಳೂ ಬಳಕೆಯಾದುದುಂಟು. 2024ರ ಜನವರಿಯ ಚಳಿಯಲ್ಲಿ ಐದನೆಯ ತರಗತಿಯವರೆಗಿನ ಮಕ್ಕಳಿಗೆ 12ನೆಯ ತಾರೀಖಿನವರೆಗೆ ರಜೆ ಮುಂದುವರಿಯಿತು. 15ರಂದು ಶಾಲೆಗಳು ತೆರೆದಾಗ ಬೆಳಿಗ್ಗೆ 9ಕ್ಕೆ ಮೊದಲು ತೊಡಗಕೂಡದು, ಸಂಜೆ 5ರ ಮೇಲೆ ನಡೆಯಕೂಡದು ಎಂಬ ಕಟ್ಟಳೆಯಾಯಿತು. ಅಲ್ಲಿ ದಟ್ಟ ಮಂಜು ಕವಿದು ಹಗಲೆಲ್ಲ ಬಿಸಿಲು ಕಾಣದ ದಿನಗಳಿರುತ್ತವೆ. ಅಂಥ ದಿನ ತಡವಾದ ಗಂಟೆಯಿಂದ ಫಲವಿಲ್ಲ, ಮುಚ್ಚುವುದೇ ಸರಿ. ಕಾಶ್ಮೀರದ ಕಣಿವೆಯಲ್ಲಿ ಚಳಿಗಾಲದ ದೀರ್ಘ ರಜೆ ಪಂಚಾಂಗದಲ್ಲಿಯೇ ಸೇರಿಹೋಗಿದೆ. ನಮ್ಮಲ್ಲಿ ದೊಡ್ಡ ರಜೆಗಳು ದಸರೆಗೂ ಬೇಸಿಗೆಗೂ ಮೀಸಲಾಗಿರುವುದರಿಂದ ಚಳಿಯ ನಿರ್ಣಯಗಳನ್ನು ಆಯಾ ವಾರದಲ್ಲಿಯೇ ಕೈಗೊಳ್ಳಬೇಕಾಗುತ್ತದೆ.

ಮುಚ್ಚಿದರೇನು ಹೋಯಿತು, ಒಂದು ದಿನ ತಾನೆ, ಎನ್ನುವವರಿದ್ದಾರೆ. ಅವರಲ್ಲಿ ವಿದ್ಯಾರ್ಥಿಗಳೇ ಹೆಚ್ಚು! ಆದರೆ ಮುಚ್ಚಿದ ಶಾಲೆಗೂ ಒಂದು ಬೆಲೆಯಿದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ 200, ಆರರಿಂದ ಎಂಟಕ್ಕೆ 220 ಕೆಲಸದ ದಿನಗಳನ್ನು ವಿಧಿಸಿದೆ. ಕಳೆದ ದಿನವನ್ನು ರಜಾ ದಿನಗಳಲ್ಲಿಯೋ ಶನಿವಾರದ ಮಧ್ಯಾಹ್ನಗಳಲ್ಲಿಯೋ ತುಂಬಿಕೊಡಬಹುದು. ತುಂಬಿಕೊಡಲಾಗದುದು ಊಟ. ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲಿ ಮೊದಲು ಆರಂಭವಾದ ಜಿಲ್ಲೆಗಳಲ್ಲಿ ಬೀದರವೂ ಒಂದು. 2013ರಿಂದ ಕ್ಷೀರಭಾಗ್ಯದ ಬಿಸಿ ಹಾಲೂ ಸೇರಿತು. ಚಳಿಯ ದಿನವೇ ಬಿಸಿ ಹಾಲನ್ನೂ ಬಿಸಿ ಅನ್ನವನ್ನೂ ತಪ್ಪಿಸುವುದು ಯಾವ ಲೆಕ್ಕದಲ್ಲಿ ರಕ್ಷಣೆಯಾದೀತು? ಎಳೆಯ ದೇಹ ತನ್ನ ಶಾಖವನ್ನು ಉತ್ಪಾದಿಸಿಕೊಳ್ಳುವುದು ಆ ಅನ್ನದಿಂದಲೇ ಅಲ್ಲವೆ?

ಮಳೆಯ ಮಾತು ಇದಕ್ಕೆ ತೀರ ಬೇರೆ. ದಕ್ಷಿಣ ಕನ್ನಡ, ಉಡುಪಿ, ಕೊಡಗುಗಳಲ್ಲಿ ಮಳೆಗಾಲದ ರಜೆ ಪ್ರತಿವರ್ಷದ ಸಂಗತಿ. ಬೀದರ ಜಿಲ್ಲೆಯಲ್ಲಿಯೂ 2025ರ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಭಾರಿ ಮಳೆ ಸುರಿದು, ಮಾಂಜ್ರಾ ಉಕ್ಕಿ ಹರಿದು, ಸೇತುವೆಗಳು ನೀರಿನಲ್ಲಿ ಮುಳುಗಿದುವು. ಹಳ್ಳ ತುಂಬಿದರೆ ಅದು ಹತ್ತು ಗಂಟೆಯ ಬಿಸಿಲಿಗೆ ಇಳಿಯುವುದಿಲ್ಲ. ಬೆಳಿಗ್ಗೆ ಒಣಗಿದ್ದ ದಾರಿ ಸಂಜೆಗೆ ಹೊಳೆಯಾಗಿರಬಹುದು; ಮಗು ಶಾಲೆಯ ಆಚೆ, ಮನೆ ಈಚೆ. ಇಂಥಲ್ಲಿ ಅಪಾಯವಿರುವುದು ಶಾಲೆಯಲ್ಲಲ್ಲ, ದಾರಿಯಲ್ಲಿ. ಅಮೆರಿಕಾದ ಇತಿಹಾಸದಲ್ಲಿ ಇದಕ್ಕೊಂದು ದಾರುಣವಾದ ಉದಾಹರಣೆಯಿದೆ. 1888ರ ಜನವರಿ 12ರ ಬೆಳಗು ಡಕೋಟ, ನೆಬ್ರಾಸ್ಕ ಬಯಲುಗಳಲ್ಲಿ ಎಂದಿಲ್ಲದಷ್ಟು ಹಿತವಾಗಿತ್ತು. ಮಕ್ಕಳು ಹಗುರವಾದ ಬಟ್ಟೆ ತೊಟ್ಟು ಶಾಲೆಗೆ ಹೋದರು. ಶಾಲೆ ನಡೆಯುತ್ತಿರುವಾಗಲೇ ಹಿಮದ ಬಿರುಗಾಳಿ ಎರಗಿತು. ಸತ್ತವರ ಸಂಖ್ಯೆಯನ್ನು 235 ಎಂದು ಹೇಳುತ್ತಾರೆ. ಅವರಲ್ಲಿ ಬಹುಮಂದಿ ಶಾಲೆಯಿಂದ ಮನೆಗೆ ಹೊರಟ ಮಕ್ಕಳು. ಎದ್ದ ಬಿರುಗಾಳಿಯಲ್ಲಿ ಮಕ್ಕಳನ್ನು ಮನೆಗೆ ಬಿಡುವುದಕ್ಕಿಂತ ಶಾಲೆಯಲ್ಲಿಯೇ ಇರಿಸಿಕೊಳ್ಳುವುದು ಲೇಸು ಎಂಬುದನ್ನು ಆ ದಿನ ಕಲಿಸಿತು. ನಡುಹಗಲಿನಲ್ಲಿ, ಮಳೆ ಹೊಯ್ಯುತ್ತಿರುವಾಗ, ಶಾಲೆ ಬಿಡಿಸಿ ಮಕ್ಕಳನ್ನು ಓಡಿಸುವ ನಮ್ಮ ಅವಸರದ ಅಭ್ಯಾಸವನ್ನು ಈ ದೃಷ್ಟಿಯಿಂದ ನೋಡಬೇಕು.

ಆದುದರಿಂದ ನಿರ್ಣಯವನ್ನು ಮುಂಚಿತವಾಗಿಯೇ ಮಾಡಬೇಕು. ಎಂದರೆ ಮುನ್ಸೂಚನೆಯ ಮೇಲೆ ಮಾಡಬೇಕು. ಎಂದರೆ ಕೆಲವು ಸಲ ಅದು ಹುಸಿಯಾಗಲೇಬೇಕು. ಇದನ್ನು ಸಂಭವನೀಯತೆಯ ಗಣಿತದಿಂದ ನೋಡೋಣ. ಒಂದು ದಿನ ಶಾಲೆ ಮುಚ್ಚುವ ಖರ್ಚನ್ನು 1 ಎಂದು ಇಟ್ಟುಕೊಳ್ಳಿ. ಮುಚ್ಚದೆ ಇದ್ದು, ಪ್ರವಾಹ ಬಂದೇ ಬಂದರೆ ಆಗುವ ನಷ್ಟ 10 ಎನ್ನಿ. ಪ್ರವಾಹದ ಸಂಭವನೀಯತೆಯು ಖರ್ಚನ್ನು ನಷ್ಟದಿಂದ ಭಾಗಿಸಿದ ಲಬ್ಧಕ್ಕಿಂತ, ಇಲ್ಲಿ ಹತ್ತರಲ್ಲಿ ಒಂದಕ್ಕಿಂತ, ಹೆಚ್ಚಾಗಿದ್ದರೆ ಮುಚ್ಚುವುದೇ ಲಾಭ. ಈ ನಿಯಮದಂತೆ ನಡೆಯುವ ಅಧಿಕಾರಿ ಹತ್ತು ಸಲ ರಜೆ ಕೊಟ್ಟು ಎಂಟೊಂಬತ್ತು ಸಲ ಬಿಸಿಲನ್ನು ಕಂಡರೂ ಅವನ ಲೆಕ್ಕ ಸರಿಯೇ. ಜನರ ನಗೆ ಮಾತ್ರ ತಪ್ಪದು. ಮಗುವಿನ ಪ್ರಾಣವನ್ನು ಹತ್ತು ದಿನಗಳ ಪಾಠಕ್ಕೆ ಸಮನೆಂದು ಯಾರೂ ತೂಗುವುದಿಲ್ಲವಾದ್ದರಿಂದ ನಿಜವಾದ ಭಾಜಕ ಇನ್ನೂ ದೊಡ್ಡದು, ಹೊಸ್ತಿಲು ಇನ್ನೂ ಕೆಳಗೆ. ಚಳಿಗೂ ಇದೇ ನಿಯಮವನ್ನು ಹಚ್ಚಿ ನೋಡಬಹುದು. ಅಲ್ಲಿ ನಷ್ಟ ಚಿಕ್ಕದು. ಆದರೆ ಗಂಟೆಯನ್ನು ಸರಿಸುವ ಖರ್ಚು ಅದಕ್ಕಿಂತಲೂ ಬಹು ಚಿಕ್ಕದು. ಅಲ್ಲದೆ ನಿರ್ಮಲ ಆಕಾಶದ ಚಳಿಯನ್ನು ಒಂದೆರಡು ದಿನ ಮೊದಲೇ ಹೇಳುವುದು, ಗುಡುಗು ಮಳೆ ಯಾವ ಹಳ್ಳಿಯ ಮೇಲೆ ಬೀಳುವುದೆಂದು ಹೇಳುವುದಕ್ಕಿಂತ ಸುಲಭ. ಹೀಗಾಗಿ ಗಂಟೆ ಸರಿಸಲು ಹಿಂಜರಿಯಬೇಕಾದ ಕಾರಣವೇ ಉಳಿಯುವುದಿಲ್ಲ.

ಇನ್ನುಳಿದುದು ಸುದ್ದಿ ಮುಟ್ಟಿಸುವ ಕೆಲಸ. ಮುನ್ಸೂಚನೆ ಹವಾಮಾನ ಇಲಾಖೆಯದು. ಅದು ಹಸಿರು, ಹಳದಿ, ಕಿತ್ತಳೆ, ಕೆಂಪು ಎಂಬ ನಾಲ್ಕು ಬಣ್ಣಗಳಲ್ಲಿ ಬರುತ್ತದೆ. ರಾಜ್ಯದ ಮಟ್ಟದಲ್ಲಿ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಿದೆ. 1988ರಲ್ಲಿ ಬರಗಾಲದ ಉಸ್ತುವಾರಿ ಘಟಕವಾಗಿ ಹುಟ್ಟಿದ ಸಂಸ್ಥೆಯಿದು. 2005ರ ವಿಪತ್ತು ನಿರ್ವಹಣಾ ಕಾಯಿದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿಗಳು. ರಜೆಯ ಆದೇಶ ಅವರದು. ಅಲ್ಲಿಂದ ಶಿಕ್ಷಣ ಇಲಾಖೆಯ ಉಪನಿರ್ದೇಶಕರು, ಕ್ಷೇತ್ರ ಶಿಕ್ಷಣಾಧಿಕಾರಿ, ಸಮೂಹ ಸಂಪನ್ಮೂಲ ವ್ಯಕ್ತಿ, ಮುಖ್ಯೋಪಾಧ್ಯಾಯರು, ತರಗತಿಯ ಉಪಾಧ್ಯಾಯರು, ಕೊನೆಗೆ ತಂದೆತಾಯಿ. ಆರು ಕೊಂಡಿಗಳ ಸರಪಳಿ. ಪ್ರತಿ ಕೊಂಡಿಯೂ ನೂರಕ್ಕೆ ತೊಂಬತ್ತೈದು ಪಾಲು ನಂಬಿಕಸ್ತವೆಂದು ಕಲ್ಪಿಸಿಕೊಂಡರೂ, 0.95ನ್ನು ಆರು ಸಲ ಗುಣಿಸಿದರೆ ಬರುವುದು 0.735. ನಾಲ್ಕು ಮನೆಗಳಲ್ಲಿ ಒಂದಕ್ಕೆ ಸುದ್ದಿಯೇ ಮುಟ್ಟಲಿಲ್ಲ! ಕೊಂಡಿಗೆ ಇಪ್ಪತ್ತು ನಿಮಿಷವೆಂದರೆ ಎರಡು ಗಂಟೆ ಹಿಡಿಯಿತು. ರಾತ್ರಿ ಒಂಬತ್ತಕ್ಕೆ ಹೊರಟ ಆದೇಶ ಹನ್ನೊಂದಕ್ಕೆ ಮಲಗಿದ ಮನೆಯ ಕದ ತಟ್ಟುತ್ತದೆ. ಸಂಜೆ ಆರರೊಳಗೆ ಹೊರಡಬೇಕೆಂಬುದಕ್ಕೆ ಬೇರೆ ವಾದ ಬೇಡ.

ಸರಪಳಿಯ ಪಕ್ಕದಲ್ಲಿ ಇನ್ನೊಂದು ದಾರಿಯಿದ್ದು, ಅದೂ ನಾಲ್ಕರಲ್ಲಿ ಒಂದು ಮನೆಯನ್ನು ತಪ್ಪಿಸುವಂಥದಾದರೆ, ಎರಡೂ ತಪ್ಪುವುದು ಹದಿನಾರರಲ್ಲಿ ಒಂದು ಮನೆಗೆ ಮಾತ್ರ. ಆದರೆ ಈ ಗುಣಾಕಾರ ಸರಿಯಾಗಬೇಕಾದರೆ ಎರಡು ದಾರಿಗಳೂ ಪರಸ್ಪರ ಸ್ವತಂತ್ರವಾಗಿರಬೇಕು. ವಾಟ್ಸಾಪ್ ಮತ್ತು ದೂರದರ್ಶನ ಸ್ವತಂತ್ರವೆಂದು ತೋರಬಹುದು. ಮಳೆಗೆ ವಿದ್ಯುತ್ ಹೋದ ರಾತ್ರಿ ಎರಡೂ ಒಟ್ಟಿಗೆ ಸಾಯುತ್ತವೆ. ಗ್ರಾಮ ಪಂಚಾಯಿತಿಯ ಡಂಗುರಕ್ಕೆ ವಿದ್ಯುತ್ತಿನ ಹಂಗಿಲ್ಲ. ಅದನ್ನು ಹಳೆಯ ಕಾಲದ್ದೆಂದು ಕೈಬಿಡುವುದು ಗಣಿತಕ್ಕೆ ವಿರುದ್ಧ.

ಆದೇಶದ ಭಾಷೆಯೂ ಮುಖ್ಯ. "ನಾಳೆ ರಜೆ" ಎಂಬ ಎರಡು ಶಬ್ದಗಳು ಫೋನಿನಿಂದ ಫೋನಿಗೆ ಹಾರುತ್ತ ಮೂರು ದಿನ ಬದುಕಿರುತ್ತವೆ, ಪ್ರತಿದಿನವೂ ಹೊಸ "ನಾಳೆ"ಯನ್ನು ಹುಟ್ಟಿಸುತ್ತ. ತಾರೀಖು, ವಾರ, ಯಾವ ತಾಲೂಕು, ಯಾವ ತರಗತಿಗಳು, ಅಂಗನವಾಡಿಗೂ ಪದವಿಪೂರ್ವ ಕಾಲೇಜಿಗೂ ಅನ್ವಯಿಸುವುದೇ ಇಲ್ಲವೇ, ಊಟ ಉಂಟೇ ಎಂಬುದೆಲ್ಲ ಒಂದೇ ಹಾಳೆಯಲ್ಲಿರಬೇಕು. ದಿಲ್ಲಿಯ ಅದೇ 2024ರ ಜನವರಿಯಲ್ಲಿ, 6ನೆಯ ತಾರೀಖು ರಜೆಯ ಆದೇಶವೊಂದು ಹೊರಟು, ಕೆಲವೇ ಗಂಟೆಗಳಲ್ಲಿ ಹಿಂದಕ್ಕೆ ಪಡೆಯಲ್ಪಟ್ಟು, ಮರುದಿನ ಬೇರೊಂದು ನಿರ್ಣಯ ಪ್ರಕಟವಾಯಿತು. ಹೊರಟ ಸುದ್ದಿಯನ್ನು ಮರಳಿ ಕರೆಯುವುದು ಸಾಧ್ಯವಿಲ್ಲ. ಅದರ ಹಿಂದೆ ಇನ್ನೊಂದನ್ನು ಅಟ್ಟಬಹುದಷ್ಟೆ, ಎರಡೂ ಒಂದೇ ಮನೆಗಳನ್ನು ಮುಟ್ಟುವುದಿಲ್ಲ. ಔರಾದದ ಗಡಿಯಲ್ಲಿ ಕನ್ನಡದ ಜೊತೆಗೆ ಮರಾಠಿ, ಉರ್ದು, ತೆಲುಗು, ಲಂಬಾಣಿ ಮಾತುಗಳು ನಡೆಯುತ್ತವೆ. ಮರಾಠಿ, ಉರ್ದು ಮಾಧ್ಯಮದ ಶಾಲೆಗಳಿವೆ. ಕನ್ನಡದಲ್ಲಿ ಹೊರಟ ಆದೇಶ ಆ ಮನೆಗಳ ತಾಯಂದಿರಿಗೆ ಅರ್ಥವಾಗುವ ಮಾತಿನಲ್ಲಿಯೂ ತಲುಪಬೇಡವೆ?

ಈ ಚಳಿಗಾಲದಲ್ಲಿ ವಿದ್ಯಾರ್ಥಿಗಳು ಮಾಡಿ ನೋಡಬಹುದಾದ ಒಂದು ಕೆಲಸವಿದೆ. ಹವಾಮಾನ ಕೇಂದ್ರದ ಉಷ್ಣತಾಮಾಪಕ ಇರುವುದು ನೆಲದಿಂದ ಒಂದೂಕಾಲು ಮೀಟರಿಗಿಂತ ಮೇಲೆ, ಕಿಂಡಿಗಳುಳ್ಳ ಬಿಳಿಯ ಪೆಟ್ಟಿಗೆಯ ನೆರಳಿನಲ್ಲಿ. ಪತ್ರಿಕೆಯಲ್ಲಿ ಬರುವ ಅಂಕಿ ಅಲ್ಲಿಯದು. ತಣ್ಣನೆಯ ಗಾಳಿ ಭಾರವಾದುದರಿಂದ ರಾತ್ರಿ ಅದು ದಿಬ್ಬದಿಂದ ನೀರಿನಂತೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಕೇಂದ್ರದಲ್ಲಿ 11 ಡಿಗ್ರಿಯಿದ್ದ ಬೆಳಗು ಮಾಂಜ್ರಾದ ದಂಡೆಯ ಹೊಲದಲ್ಲಿ 8 ಇರಬಹುದು. ಎರಡು ಅಗ್ಗದ ಉಷ್ಣತಾಮಾಪಕಗಳನ್ನು ತೆಗೆದುಕೊಂಡು, ಮೊದಲು ಒಂದೇ ಬಟ್ಟಲು ನೀರಿನಲ್ಲಿಟ್ಟು ಎರಡೂ ಒಂದೇ ಅಂಕಿ ತೋರುವುವೇ ಎಂದು ನೋಡಿಕೊಳ್ಳಿ. ಒಂದನ್ನು ಶಾಲೆಯ ಹಿಂದಿನ ನೆರಳಿನಲ್ಲಿ, ಇನ್ನೊಂದನ್ನು ಊರಿನ ತಗ್ಗಿನಲ್ಲಿರುವ ಗೆಳೆಯನ ಮನೆಯ ಮರಕ್ಕೆ, ಎರಡನ್ನೂ ಎದೆಯ ಮಟ್ಟದಲ್ಲಿ ತೂಗುಹಾಕಿ. ಆರೂವರೆಯಿಂದ ಹತ್ತರವರೆಗೆ ಅರ್ಧ ಗಂಟೆಗೊಮ್ಮೆ ಓದಿ, ಮೋಡವಿತ್ತೇ, ಗಾಳಿ ಬೀಸುತ್ತಿತ್ತೇ ಎಂಬುದನ್ನೂ ಬರೆದು, ಎರಡು ರೇಖೆಗಳನ್ನು ಒಂದೇ ಆಲೇಖದ ಹಾಳೆಯ ಮೇಲೆ ಎಳೆಯಿರಿ. ಹತ್ತು ದಿನಗಳ ಹಾಳೆಗಳನ್ನು ಮುಖ್ಯೋಪಾಧ್ಯಾಯರ ಮೇಜಿನ ಮೇಲಿಟ್ಟರೆ, ಶನಿವಾರದ ಗಂಟೆಯನ್ನು ಎಷ್ಟಕ್ಕೆ ಬಾರಿಸಬೇಕೆಂದು ಅವರೇ ಓದಿಕೊಳ್ಳಬಲ್ಲರು.